ಎಸ್ಟರ್ ಬೋಸೆರಪ್ ಮತ್ತು ಜನಸಂಖ್ಯೆ, ಭೂಮಿ, ದುಡಿಮೆ: ಪದೇ ಪದೇ ಕೇಳುವ ಪ್ರಶ್ನೆಗಳು

ಎಸ್ಟರ್ ಬೋಸೆರಪ್ ಯಾರು?

ಡೆನ್ಮಾರ್ಕಿನ ಅರ್ಥಶಾಸ್ತ್ರಜ್ಞೆ. 1910ರಲ್ಲಿ ಕೋಪನ್‌ಹೇಗನ್ನಿನಲ್ಲಿ ಹುಟ್ಟಿದರು, 1935ರಲ್ಲಿ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಪದವಿ ಪಡೆದರು. ಮೊದಲು ಡೆನ್ಮಾರ್ಕ್ ಸರ್ಕಾರದಲ್ಲಿ ಕೆಲಸ, 1947ರಿಂದ ವಿಶ್ವಸಂಸ್ಥೆಯ ಯುರೋಪ್ ಆರ್ಥಿಕ ಆಯೋಗದಲ್ಲಿ. ಆಮೇಲೆ ಭಾರತ, ಸೆನೆಗಲ್, ಹೀಗೆ ಕೃಷಿಯನ್ನು ಕಣ್ಣಾರೆ ಕಾಣುವ ಊರುಗಳಿಗೆ ಹೋದರು. ವಿಶ್ವವಿದ್ಯಾಲಯದ ಪ್ರಾಧ್ಯಾಪಕ ಹುದ್ದೆ ಅವರಿಗೆ ಯಾವತ್ತೂ ಇರಲಿಲ್ಲ. 1965, 1970 ಮತ್ತು 1981ರಲ್ಲಿ ಬಂದ ಅವರ ಮೂರು ಮುಖ್ಯ ಪುಸ್ತಕಗಳು ಮಾತ್ರ ಅರ್ಥಶಾಸ್ತ್ರ, ಮಾನವಶಾಸ್ತ್ರ, ಪುರಾತತ್ವ, ಸ್ತ್ರೀ ಅಧ್ಯಯನ ಈ ಎಲ್ಲ ವಿಭಾಗಗಳ ತರಗತಿಗಳಿಗೂ ಹೊಕ್ಕವು. 1999ರಲ್ಲಿ ತೀರಿಕೊಂಡರು.

ಅವರ ಮುಖ್ಯ ಪ್ರತಿಪಾದನೆ ಏನು?

ಜನಸಂಖ್ಯೆ ಹೆಚ್ಚಿದಾಗ ರೈತರು ಬೇಸಾಯದ ಕ್ರಮವನ್ನೇ ಬದಲಿಸುತ್ತಾರೆ ಎಂಬುದು. ಇರುವ ಭೂಮಿಯನ್ನು ಹೆಚ್ಚು ಸಲ ಬಿತ್ತುತ್ತಾರೆ, ನೆಲವನ್ನು ಬಿತ್ತದೆ ಬೀಳು ಬಿಡುವ ಅವಧಿಯನ್ನು ಕಡಿಮೆ ಮಾಡುತ್ತಾರೆ, ಗೊಬ್ಬರ ಹಾಕಲು, ಕಳೆ ಕೀಳಲು, ನೀರು ಕಟ್ಟಲು ಶುರು ಮಾಡುತ್ತಾರೆ. ಎಕರೆಗೆ ಸಿಗುವ ಫಸಲು ಹೆಚ್ಚುತ್ತದೆ.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲಿಸುತ್ತವೆ. 'ಅವಶ್ಯಕತೆಯೇ ಆವಿಷ್ಕಾರದ ತಾಯಿ' ಎಂಬ ಒಂದು ವಾಕ್ಯದಲ್ಲಿ ಬೋಸೆರಪ್ ಅವರನ್ನು ಮುಗಿಸಿಬಿಡುತ್ತವೆ. ಇದು ಅವರಿಗೆ ಮಾಡುವ ಅನ್ಯಾಯ ಎಂದೇ ನನ್ನ ಅಭಿಪ್ರಾಯ. ಅವರ ವಾದದ ಇನ್ನೊಂದು ಅರ್ಧ ಹೀಗಿದೆ: ಎಕರೆಗೆ ಫಸಲು ಹೆಚ್ಚುವಾಗ, ದುಡಿಮೆಯ ಒಂದು ಗಂಟೆಗೆ ಸಿಗುವ ಫಸಲು ಸಾಮಾನ್ಯವಾಗಿ ಕಡಿಮೆಯಾಗುತ್ತದೆ. ಅಂದರೆ ಹೊಸ ಬಾಯಿಗಳಿಗೆ ಅನ್ನ ಸಿಗುತ್ತದೆ, ಆದರೆ ಎಲ್ಲರೂ ಮೊದಲಿಗಿಂತ ಹೆಚ್ಚು ಹೊತ್ತು ಬೆನ್ನು ಬಗ್ಗಿಸಬೇಕಾಗುತ್ತದೆ. ಆ ಹೆಚ್ಚಿನ ಹೊತ್ತು ಯಾರ ಪಾಲಿಗೆ ಬೀಳುತ್ತದೆ ಎಂಬ ಪ್ರಶ್ನೆಯೇ ಅವರ ಬರಹದುದ್ದಕ್ಕೂ ಒಳಗೊಳಗೇ ಹರಿಯುತ್ತದೆ. ಈ ಪುಟದ ಉಳಿದ ಉತ್ತರಗಳನ್ನೂ ಅದೇ ಪ್ರಶ್ನೆಯನ್ನು ಮುಂದಿಟ್ಟುಕೊಂಡು ಬರೆದಿದ್ದೇನೆ.

ಮಾಲ್ಥಸ್‌ಗೂ ಇವರಿಗೂ ಏನು ವ್ಯತ್ಯಾಸ?

ಇಂಗ್ಲೆಂಡಿನ ಅರ್ಥಶಾಸ್ತ್ರಜ್ಞ ಥಾಮಸ್ ಮಾಲ್ಥಸ್ 1798ರಲ್ಲಿ ಬರೆದದ್ದು ಇಷ್ಟು: ಜನಸಂಖ್ಯೆ ದುಪ್ಪಟ್ಟಾಗುತ್ತಾ ಹೋಗುತ್ತದೆ, ಆಹಾರ ಅಷ್ಟು ಬೇಗ ಹೆಚ್ಚುವುದಿಲ್ಲ, ಕೊನೆಗೆ ಹಸಿವು, ರೋಗ, ತಡವಾದ ಮದುವೆಗಳು ಜನಸಂಖ್ಯೆಯನ್ನು ಹಿಡಿದು ನಿಲ್ಲಿಸುತ್ತವೆ. ಅಲ್ಲಿ ಬೇಸಾಯದ ಪ್ರಮಾಣ ಮೊದಲು, ಜನಸಂಖ್ಯೆ ಅದಕ್ಕೆ ತಕ್ಕಂತೆ. ಬೋಸೆರಪ್ ಈ ಕಾರ್ಯಕಾರಣವನ್ನು ತಿರುಗಿಸಿದರು. ಜನಸಂಖ್ಯೆ ಮೊದಲು, ಬೇಸಾಯದ ಕ್ರಮ ಅದಕ್ಕೆ ತಕ್ಕಂತೆ.

ಇಬ್ಬರ ನಡುವಿನ ಆಳವಾದ ಭಿನ್ನಮತ ಭೂಮಿಯ ಕುರಿತಾದದ್ದು. ಹಳೆಯ ಅರ್ಥಶಾಸ್ತ್ರಕ್ಕೆ ಭೂಮಿಯ ಫಲವತ್ತತೆ ಎಂದರೆ ಪ್ರಕೃತಿ ಕೊಟ್ಟದ್ದು, ಬದಲಾಗದ್ದು. ಒಳ್ಳೆಯ ಭೂಮಿ ಮುಗಿದ ಮೇಲೆ ಕೆಟ್ಟ ಭೂಮಿಗೆ ಹೋಗಬೇಕು. ಬೋಸೆರಪ್ ಪ್ರಕಾರ ಫಲವತ್ತತೆಯ ದೊಡ್ಡ ಪಾಲು ಮನುಷ್ಯರು ದುಡಿದು ಉಂಟುಮಾಡಿದ್ದು. ತಲೆತಲಾಂತರದಿಂದ ಗೊಬ್ಬರ ತಿಂದ, ಬದು ಕಟ್ಟಿಸಿಕೊಂಡ ಗದ್ದೆಯನ್ನು 'ಸಹಜವಾಗಿ ಒಳ್ಳೆಯ ಭೂಮಿ' ಎಂದು ಕರೆದರೆ ಆ ದುಡಿಮೆಯನ್ನೇ ಲೆಕ್ಕದಿಂದ ಅಳಿಸಿದಂತಾಗುತ್ತದೆ.

ಹಾಗೆಂದು ಮಾಲ್ಥಸ್ ಸುಳ್ಳು, ಬೋಸೆರಪ್ ನಿಜ ಎಂದು ಪರೀಕ್ಷೆಯಲ್ಲಿ ಬರೆಯುವುದು ಬೇಡ. ಇಬ್ಬರನ್ನೂ ಕೂಡಿಸಿ ಒಂದೇ ಮಾದರಿ ಕಟ್ಟಿದ ಅರ್ಥಶಾಸ್ತ್ರಜ್ಞರಿದ್ದಾರೆ. ಎಲ್ಲಿ ಹೊಂದಿಕೊಳ್ಳಲು ಸಮಯ, ಬಂಡವಾಳ, ಹಕ್ಕು ಇವೆಯೋ ಅಲ್ಲಿ ಬೋಸೆರಪ್ ಹೇಳಿದ್ದು ನಡೆಯುತ್ತದೆ. ಇಲ್ಲದ ಕಡೆ ಮಾಲ್ಥಸ್ ಹೇಳಿದ್ದು ನಡೆದುಬಿಡುತ್ತದೆ.

ಬೀಳು ಬಿಡುವುದಕ್ಕೂ ಜನಸಂಖ್ಯೆಗೂ ಏನು ಸಂಬಂಧ? ಸ್ವಲ್ಪ ಬಿಡಿಸಿ ಹೇಳುತ್ತೀರಾ?

ಇದೇ ಅವರ 1965ರ ಪುಸ್ತಕದ ಹೃದಯಭಾಗ. ಆದ್ದರಿಂದ ಇಲ್ಲಿ ಸ್ವಲ್ಪ ಹೊತ್ತು ನಿಲ್ಲೋಣ.

ಅವರು ಬೇಸಾಯವನ್ನು ಐದು ಹಂತಗಳಾಗಿ ನೋಡಿದರು. ಮೊದಲನೆಯದರಲ್ಲಿ ಕಾಡು ಕಡಿದು ಸುಟ್ಟು ಒಂದೆರಡು ವರ್ಷ ಬೆಳೆ ತೆಗೆದು, ಆ ಜಾಗವನ್ನು ಇಪ್ಪತ್ತು-ಇಪ್ಪತ್ತೈದು ವರ್ಷ ಬಿಟ್ಟುಬಿಡುತ್ತಾರೆ. ಅಲ್ಲಿ ಮತ್ತೆ ಕಾಡು ಬೆಳೆಯುತ್ತದೆ. ಎರಡನೆಯದರಲ್ಲಿ ಬೀಳಿನ ಅವಧಿ ಆರರಿಂದ ಹತ್ತು ವರ್ಷ. ಕಾಡಿನ ಬದಲು ಪೊದೆ ಬೆಳೆಯುತ್ತದೆ. ಮೂರನೆಯದರಲ್ಲಿ ಒಂದೆರಡು ವರ್ಷದ ಬೀಳು. ಅಷ್ಟರಲ್ಲಿ ಹುಲ್ಲು ಮಾತ್ರ ಬರುತ್ತದೆ. ನಾಲ್ಕನೆಯದು ವರ್ಷಕ್ಕೊಂದು ಬೆಳೆ. ಐದನೆಯದು ವರ್ಷಕ್ಕೆ ಎರಡು-ಮೂರು ಬೆಳೆ.

ಈಗ ಕೆಲಸವನ್ನು ಗಮನಿಸಿ. ಕಾಡು ಸುಟ್ಟ ನೆಲದಲ್ಲಿ ಬೂದಿಯೇ ಗೊಬ್ಬರ. ಬೆಂಕಿ ಕಳೆಯ ಬೀಜವನ್ನೂ ಸುಟ್ಟಿರುತ್ತದೆ, ಮಣ್ಣು ಹುಡಿಯಾಗಿರುತ್ತದೆ. ಚೂಪು ಕೋಲಿನಿಂದ ಕುಳಿ ತೋಡಿ ಬೀಜ ಹಾಕಿದರೆ ಸಾಕು. ಉಳುವುದಿಲ್ಲ, ಕಳೆ ಕೀಳುವ ಕೆಲಸವೂ ಇಲ್ಲವೆನ್ನುವಷ್ಟು ಕಡಿಮೆ. ಮನುಷ್ಯ ಮಾಡಬೇಕಾದ ಕೆಲಸದ ಬಹುಪಾಲನ್ನು ಬೆಂಕಿ ಮತ್ತು ಇಪ್ಪತ್ತು ವರ್ಷದ ಕಾಡು ಮಾಡಿಕೊಟ್ಟಿರುತ್ತವೆ.

ಜನ ಹೆಚ್ಚಿದರು, ಹತ್ತು ವರ್ಷಕ್ಕೇ ಆ ಜಾಗಕ್ಕೆ ಮರಳಬೇಕಾಯಿತು ಎನ್ನಿ. ಪೊದೆ ಸುಟ್ಟರೆ ಬೂದಿ ಕಡಿಮೆ, ಬೇರುಗಳು ಸಾಯುವುದಿಲ್ಲ. ಗುದ್ದಲಿ ಬೇಕಾಗುತ್ತದೆ. ಇನ್ನೂ ಬೇಗ ಮರಳಿದರೆ ಅಲ್ಲಿರುವುದು ಹುಲ್ಲು. ಹುಲ್ಲಿನ ಬೇರಿನ ಗಡ್ಡೆಯನ್ನು ಬೆಂಕಿ ಸುಡಲಾರದು, ಗುದ್ದಲಿಯಿಂದ ಅಗೆಯುವುದು ಪ್ರಾಣಸಂಕಟ. ಆಗ ನೇಗಿಲು ಅನಿವಾರ್ಯವಾಗುತ್ತದೆ. ನೇಗಿಲು ಬಂದರೆ ಎತ್ತು ಬೇಕು, ಎತ್ತಿಗೆ ಮೇವು ಬೇಕು. ಮೊದಮೊದಲು ಬೀಳು ನೆಲದಲ್ಲೇ ಮೇಯುತ್ತವೆ, ಅವು ಹಾಕಿದ ಸಗಣಿ ಅಲ್ಲೇ ಗೊಬ್ಬರವಾಗುತ್ತದೆ. ಬೀಳೂ ಇಲ್ಲವಾದಾಗ ಮೇವು ಕೊಯ್ದು ತರಬೇಕು ಅಥವಾ ಬೆಳೆಯಬೇಕು, ಗೊಬ್ಬರ ಹೊತ್ತು ಹಾಕಬೇಕು, ಕಳೆ ಕೈಯಲ್ಲಿ ಕೀಳಬೇಕು, ನೀರಿಗೆ ಕಾಲುವೆ ತೋಡಬೇಕು.

ಇಲ್ಲಿ ಬೋಸೆರಪ್ ಅವರ ಕಣ್ಣು ಎಷ್ಟು ಸೂಕ್ಷ್ಮ ಎಂಬುದು ತಿಳಿಯುತ್ತದೆ. ನೇಗಿಲು ಇಲ್ಲದವರು 'ಹಿಂದುಳಿದವರು', ನೇಗಿಲು ಕಂಡುಹಿಡಿದವರು 'ಜಾಣರು' ಎಂಬುದು ಅಂದಿನ ಸಾಮಾನ್ಯ ತಿಳಿವಳಿಕೆ. ಕಾಡು ಧಾರಾಳವಾಗಿರುವವನಿಗೆ ನೇಗಿಲು ನಷ್ಟದ ಬಾಬ್ತು ಎಂದು ಅವರು ತೋರಿಸಿದರು. ನೇಗಿಲು ಎಂಬ ವಸ್ತು ಗೊತ್ತಿದ್ದೂ ಅದನ್ನು ಬಳಸದೆ ಇರಲು ಅವನಿಗೆ ಒಳ್ಳೆಯ ಕಾರಣವಿದೆ: ಕಡಿಮೆ ದುಡಿದು ಅಷ್ಟೇ ಉಣ್ಣಬಹುದು.

ಅವರು ಭಾರತಕ್ಕೆ ಬಂದಿದ್ದರೇ?

ಬಂದಿದ್ದರು, ಮತ್ತು ಅವರ ಆಲೋಚನೆ ಹೊರಳಿದ್ದು ಇಲ್ಲಿಯೇ. ಸ್ವೀಡನ್ನಿನ ಅರ್ಥಶಾಸ್ತ್ರಜ್ಞ ಗುನ್ನಾರ್ ಮಿರ್ಡಾಲ್ ಏಷ್ಯಾದ ಬಡತನದ ಬಗ್ಗೆ ನಡೆಸುತ್ತಿದ್ದ ದೊಡ್ಡ ಅಧ್ಯಯನಕ್ಕಾಗಿ 1957ರಲ್ಲಿ ಎಸ್ಟರ್ ಮತ್ತು ಅವರ ಪತಿ ಮೋಗೆನ್ಸ್ ಬೋಸೆರಪ್ ಇಲ್ಲಿಗೆ ಬಂದರು, 1960ರವರೆಗೆ ಇದ್ದರು.

ಆ ಕಾಲದ ಅರ್ಥಶಾಸ್ತ್ರದಲ್ಲಿ ಒಂದು ನಂಬಿಕೆ ಗಟ್ಟಿಯಾಗಿ ಕೂತಿತ್ತು. ಏಷ್ಯಾದ ಹಳ್ಳಿಗಳಲ್ಲಿ ಜನ ಮಿತಿಮೀರಿ ತುಂಬಿದ್ದಾರೆ, ಅವರಲ್ಲಿ ಬಹಳಷ್ಟು ಮಂದಿಯ ದುಡಿಮೆಯಿಂದ ಏನೂ ಹುಟ್ಟುವುದಿಲ್ಲ, ಅವರನ್ನು ಎಬ್ಬಿಸಿ ಕಾರ್ಖಾನೆಗೆ ಕಳಿಸಿದರೂ ಫಸಲು ಒಂದು ಹಿಡಿಯೂ ಕಡಿಮೆಯಾಗದು ಎಂಬುದು ಆ ನಂಬಿಕೆ. ಅದನ್ನು ಮರೆಮಾಚಿದ ನಿರುದ್ಯೋಗ ಎಂದು ಕರೆಯುತ್ತಿದ್ದರು. ಬೋಸೆರಪ್ ಇಲ್ಲಿ ಕಂಡದ್ದು ಬೇರೆ. ಬೇಸಿಗೆಯಲ್ಲಿ ಖಾಲಿ ಕೂತಂತೆ ಕಾಣುವ ಅದೇ ಜನ ಉಳುಮೆಗೆ, ನಾಟಿಗೆ, ಕಟಾವಿಗೆ ಸಾಲುತ್ತಿರಲಿಲ್ಲ. ಒಂದು ಮಳೆ ಬಿದ್ದ ಮೇಲೆ ಹದ ಆರುವುದರೊಳಗೆ ಬಿತ್ತಬೇಕು, ಆ ಕೆಲವೇ ದಿನಗಳಲ್ಲಿ ಊರಿನ ಎಲ್ಲ ಕೈಗಳೂ ಹೊಲದಲ್ಲಿರಬೇಕು. ಹಂಗಾಮಿನ ಈ ಒತ್ತಡವನ್ನು ನಮ್ಮ ರೈತರಿಗೆ ಯಾರೂ ವಿವರಿಸಬೇಕಿಲ್ಲ. ವರ್ಷದ ಸರಾಸರಿ ಹಾಕುವ ಅರ್ಥಶಾಸ್ತ್ರಜ್ಞರಿಗೆ ಮಾತ್ರ ಅದು ಕಾಣುತ್ತಿರಲಿಲ್ಲ. ಈ ವಿಷಯದಲ್ಲಿ ಮಿರ್ಡಾಲ್ ಜೊತೆಗೂ ಅವರಿಗೆ ಒಮ್ಮತ ಸಾಧ್ಯವಾಗಲಿಲ್ಲ. ಆ ಯೋಜನೆಯಿಂದ ಹೊರಬಂದರು. ಐದು ವರ್ಷದ ನಂತರ ಬಂದ ಪುಸ್ತಕದ ಬೀಜ ಇಲ್ಲಿ ಬಿದ್ದಿತ್ತು.

ಭಾರತದ ಅಂಕಿಗಳು ಅವರ ಮಾತನ್ನು ಸಮರ್ಥಿಸುತ್ತವೆಯೇ?

ಬಹುಮಟ್ಟಿಗೆ ಹೌದು. 1951ರ ಜನಗಣತಿಯಲ್ಲಿ ನಾವು 36 ಕೋಟಿ, 2011ರಲ್ಲಿ 121 ಕೋಟಿ. ಆಹಾರಧಾನ್ಯ 1950-51ರಲ್ಲಿ ಸುಮಾರು 5.1 ಕೋಟಿ ಟನ್, 2011-12ರಲ್ಲಿ ಸುಮಾರು 26 ಕೋಟಿ ಟನ್. ಜನ ಮೂರು ಪಟ್ಟಿಗಿಂತ ಸ್ವಲ್ಪ ಹೆಚ್ಚಾದರೆ ಧಾನ್ಯ ಐದು ಪಟ್ಟಾಯಿತು.

ಭೂಮಿ ಎಷ್ಟು ಹೆಚ್ಚಿತು ಎಂದು ನೋಡಿದರೆ ಬೋಸೆರಪ್ ನೆನಪಾಗದೆ ಇರುವುದಿಲ್ಲ. ನಿವ್ವಳ ಬಿತ್ತನೆ ಪ್ರದೇಶ ಆರಂಭದಲ್ಲಿ ಸುಮಾರು 11.9 ಕೋಟಿ ಹೆಕ್ಟೇರ್ ಇದ್ದದ್ದು 1970ರ ದಶಕದ ಹೊತ್ತಿಗೆ 14 ಕೋಟಿಗೆ ಬಂದು ಅಲ್ಲೇ ನಿಂತಿದೆ. ಆದರೆ ನೂರು ಎಕರೆ ಹೊಲದಲ್ಲಿ ವರ್ಷಕ್ಕೆ 111 ಎಕರೆಯಷ್ಟು ಬೆಳೆ ತೆಗೆಯುತ್ತಿದ್ದವರು ಅರವತ್ತು ವರ್ಷದಲ್ಲಿ 140 ಎಕರೆಯಷ್ಟು ತೆಗೆಯುವಂತಾದರು. ನೀರಾವರಿ ಪ್ರದೇಶ 2.1 ಕೋಟಿ ಹೆಕ್ಟೇರಿನಿಂದ 6 ಕೋಟಿ ದಾಟಿತು. ಉಳಿದದ್ದು ಹೊಸ ತಳಿ ಮತ್ತು ರಸಗೊಬ್ಬರದ ಕೊಡುಗೆ.

ಕಾಲದ ಹಿನ್ನೆಲೆಯನ್ನೂ ಮರೆಯಬಾರದು. ಅವರ ಪುಸ್ತಕ ಬಂದ 1965ರಲ್ಲಿ ಮತ್ತು ಅದರ ಮರುವರ್ಷ ಭಾರತದಲ್ಲಿ ಸಾಲಾಗಿ ಬರ. ಅಮೆರಿಕದ ಗೋಧಿ ಹಡಗುಗಳಿಗಾಗಿ ದೇಶ ಕಾಯುತ್ತಿತ್ತು. ಈ ದೇಶ ತನ್ನ ಜನರಿಗೆ ಉಣಿಸಲಾರದು ಎಂದು ಪಶ್ಚಿಮದ ಅನೇಕ ಪಂಡಿತರು ಖಚಿತವಾಗಿ ಹೇಳುತ್ತಿದ್ದ ದಿನಗಳವು.

ಹಾಗಾದರೆ ಹಸಿರು ಕ್ರಾಂತಿ ಬೋಸೆರಪ್ ಸಿದ್ಧಾಂತದ ಗೆಲುವೇ?

ಅರ್ಧ ಗೆಲುವು. ಒಂದೇ ಭೂಮಿಯಲ್ಲಿ ಎರಡನೆಯ ಬೆಳೆ ತೆಗೆಯುವುದು, ಹೆಚ್ಚು ನಾಟಿ, ಹೆಚ್ಚು ಕಳೆ, ಹೆಚ್ಚು ಕೂಲಿ ಇವೆಲ್ಲ ಅವರು ಬರೆದ ಹಾಗೆಯೇ ನಡೆದವು. ಆದರೆ ತಳಿಗಳು ಬಂದದ್ದು ಮೆಕ್ಸಿಕೋ ಮತ್ತು ಫಿಲಿಪ್ಪೀನ್ಸಿನ ಸಂಶೋಧನಾ ಕೇಂದ್ರಗಳಿಂದ, ಸರ್ಕಾರದ ಖರೀದಿ ಮತ್ತು ಬೆಲೆ ಭರವಸೆಯ ಬೆನ್ನೇರಿ. ಅದನ್ನು ಹಳ್ಳಿಯ ಜನಸಂಖ್ಯೆಯ ಒತ್ತಡವೊಂದೇ ಹುಟ್ಟಿಸಿತು ಎನ್ನಲಾಗದು.

ಕರ್ನಾಟಕದ ಬೇಸಾಯದಲ್ಲಿ ಈ ಹಂತಗಳು ಕಾಣುತ್ತವೆಯೇ?

ಕಾಣುತ್ತವೆ, ಪುಸ್ತಕದಷ್ಟು ಸಾಲಾಗಿ ಅಲ್ಲ.

ಪಶ್ಚಿಮ ಘಟ್ಟದಲ್ಲಿ ಕುಮರಿ ಬೇಸಾಯವಿತ್ತು. ಮಳೆಗಾಲಕ್ಕೆ ಮೊದಲು ಕಾಡಿನ ಒಂದು ತುಂಡನ್ನು ಕಡಿದು ಸುಟ್ಟು, ಬೂದಿಯಲ್ಲಿ ರಾಗಿ ಚೆಲ್ಲಿ, ಒಂದೆರಡು ವರ್ಷದ ಮೇಲೆ ಮುಂದಿನ ಜಾಗಕ್ಕೆ ಹೋಗುವ ಕ್ರಮ. ಬೋಸೆರಪ್ ಅವರ ಮೊದಲ ಹಂತದ ಪಡಿಯಚ್ಚು. ಆದರೆ ಅದು ನಿಂತದ್ದು ಜನ ಹೆಚ್ಚಿದ್ದರಿಂದಲ್ಲ. ಕೆನರಾ ಜಿಲ್ಲೆಯಲ್ಲಿ ಹತ್ತೊಂಬತ್ತನೆಯ ಶತಮಾನದ ನಡುವಿನಲ್ಲಿ ಬ್ರಿಟಿಷ್ ಸರ್ಕಾರ ಅದಕ್ಕೆ ಕಡಿವಾಣ ಹಾಕಿತು. ಹಡಗಿಗೆ, ರೈಲಿಗೆ ಮರ ಬೇಕಿತ್ತು. ಬೇಸಾಯದ ಕ್ರಮವನ್ನು ಬದಲಿಸುವ ಶಕ್ತಿ ಜನಸಂಖ್ಯೆಗಿರುವಂತೆಯೇ ಸರ್ಕಾರದ ಹುಕುಂಗೂ ಇದೆ. ಬೋಸೆರಪ್ ಸಿದ್ಧಾಂತವನ್ನು ನಮ್ಮ ಚರಿತ್ರೆಗೆ ಹೊಂದಿಸುವವರು ಇದನ್ನು ಮರೆತರೆ, ಕುಮರಿ ಮಾಡುತ್ತಿದ್ದ ಸಮುದಾಯಗಳು ಕಳೆದುಕೊಂಡದ್ದು ಲೆಕ್ಕಕ್ಕೇ ಬರುವುದಿಲ್ಲ.

ಉತ್ತರ ಕನ್ನಡದ ಸೊಪ್ಪಿನ ಬೆಟ್ಟ ಇದಕ್ಕಿಂತ ಒಳ್ಳೆಯ ಉದಾಹರಣೆ. ಅಡಿಕೆ ತೋಟಕ್ಕೆ ಬೀಳು ಎಂಬುದೇ ಇಲ್ಲ. ಅದೇ ಮಣ್ಣು ತಲೆಮಾರುಗಟ್ಟಲೆ ಫಸಲು ಕೊಡಬೇಕು. ಆ ಸಾರ ಎಲ್ಲಿಂದ ಬರಬೇಕು? ಒಂದು ಎಕರೆ ತೋಟದ ಹಿಂದೆ ಹಲವು ಎಕರೆ ಬೆಟ್ಟವಿರುತ್ತದೆ. ಬೇಸಿಗೆಯಲ್ಲಿ ಅಲ್ಲಿಂದ ದರಕು, ಅಂದರೆ ಉದುರಿದ ಒಣ ಎಲೆ, ಗುಡಿಸಿ ತರುತ್ತಾರೆ, ಮಳೆಗಾಲದ ಆಸುಪಾಸಿನಲ್ಲಿ ಹಸಿ ಸೊಪ್ಪು ಕಡಿದು ತರುತ್ತಾರೆ. ಅದನ್ನು ಕೊಟ್ಟಿಗೆಯಲ್ಲಿ ದನಗಳ ಕಾಲಡಿಗೆ ಹಾಸುತ್ತಾರೆ. ಸಗಣಿ, ಗಂಜಲದಲ್ಲಿ ನೆನೆದು ತುಳಿತಕ್ಕೆ ಸಿಕ್ಕಿ ಕೊಳೆತದ್ದನ್ನು ತೆಗೆದು ಗೊಬ್ಬರಗುಂಡಿಗೆ ಹಾಕಿ, ಅಲ್ಲಿಂದ ಬುಟ್ಟಿಯಲ್ಲಿ ತುಂಬಿ ಅಡಿಕೆ ಮರದ ಬುಡಕ್ಕೆ ಸಾಗಿಸುತ್ತಾರೆ. ಕಾಡು ಇಪ್ಪತ್ತು ವರ್ಷ ನಿಂತಲ್ಲೇ ಮಾಡುತ್ತಿದ್ದ ಕೆಲಸವನ್ನು ಇಲ್ಲಿ ಜನ ಪ್ರತಿವರ್ಷ ತಲೆಯ ಮೇಲೆ ಹೊತ್ತು ಮಾಡುತ್ತಾರೆ. ಹೊರುವವರಲ್ಲಿ ಮನೆಯ ಹೆಂಗಸರು ಮತ್ತು ಕೂಲಿಯವರೇ ಹೆಚ್ಚು. ಎಕರೆವಾರು ಆದಾಯ ಬರೆಯುವ ಕೋಷ್ಟಕದಲ್ಲಿ ಅವರ ಗಂಟೆಗಳಿಗೆ ಒಂದು ಕಾಲಂ ಇರುವುದಿಲ್ಲ.

ಇನ್ನೊಂದು ಉದಾಹರಣೆ ಹಾವೇರಿ ಕಡೆಯ ಗುಳಿ ರಾಗಿ. ಚೆಲ್ಲು ಬಿತ್ತನೆ ಮಾಡದೆ ಉದ್ದಗಲಕ್ಕೆ ಸಾಲು ಎಳೆದು, ಸಾಲು ಕೂಡುವ ಜಾಗದಲ್ಲಿ ಗುಳಿ ಮಾಡಿ, ಗೊಬ್ಬರ ಹಾಕಿ ಸಸಿ ನೆಡುತ್ತಾರೆ. ಸಸಿ ಬೇರೂರಿದ ಮೇಲೆ ಕೊರಡು ಎಳೆದು ಅದನ್ನು ಬಾಗಿಸುತ್ತಾರೆ. ಪೆಟ್ಟು ತಿಂದ ಸಸಿ ಬುಡದಿಂದ ಹೆಚ್ಚು ತೆಂಡೆ (ಹೊಸ ಕವಲು) ಒಡೆಯುತ್ತದೆ. ಬೀಜ ಕಡಿಮೆ, ಫಸಲು ಹೆಚ್ಚು, ಆಳಿನ ಕೆಲಸವೂ ಹೆಚ್ಚು. ಯಾವ ಪ್ರಯೋಗಾಲಯದ ಸಹಾಯವೂ ಇಲ್ಲದೆ ರೈತರೇ ರೂಪಿಸಿಕೊಂಡ ಕ್ರಮ. ಬೋಸೆರಪ್ ನೋಡಿದ್ದರೆ ತಮ್ಮ ಪುಸ್ತಕದಲ್ಲಿ ಒಂದು ಪುಟ ಕೊಡುತ್ತಿದ್ದರು ಎಂದು ನಾನು ನಂಬುತ್ತೇನೆ.

ಆಫ್ರಿಕಾದ ಮಚಾಕೋಸ್ ಹೆಸರು ಈ ಚರ್ಚೆಯಲ್ಲಿ ಯಾಕೆ ಬರುತ್ತದೆ?

ಕೀನ್ಯಾದ ಮಚಾಕೋಸ್ ಜಿಲ್ಲೆಯ ಗುಡ್ಡಗಳನ್ನು 1930ರ ದಶಕದಲ್ಲಿ ನೋಡಿದ ವಸಾಹತು ಅಧಿಕಾರಿಗಳು, ಜನ ಮತ್ತು ದನ ಹೆಚ್ಚಾಗಿ ಮಣ್ಣು ಕೊಚ್ಚಿಹೋಗಿದೆ, ಈ ನೆಲದ ಕಥೆ ಮುಗಿಯಿತು ಎಂದು ವರದಿ ಬರೆದರು. 1990ರ ಹೊತ್ತಿಗೆ ಅಲ್ಲಿನ ಜನಸಂಖ್ಯೆ ಐದು ಪಟ್ಟಿಗೂ ಹೆಚ್ಚಾಗಿತ್ತು. ಮೇರಿ ಟಿಫನ್, ಮೈಕೆಲ್ ಮಾರ್ಟಿಮೋರ್ ಮತ್ತು ಫ್ರಾನ್ಸಿಸ್ ಗಿಚುಕಿ ಅಲ್ಲಿಗೆ ಹೋಗಿ ಅಧ್ಯಯನ ಮಾಡಿ 1994ರಲ್ಲಿ ಪ್ರಕಟಿಸಿದ ಚಿತ್ರ ಬೇರೆಯೇ ಆಗಿತ್ತು: ಗುಡ್ಡದ ಇಳಿಜಾರುಗಳಲ್ಲಿ ಮೆಟ್ಟಿಲು ಹೊಲ, ಮನೆಯ ಸುತ್ತ ಮರ, ಸವೆತ ಕಡಿಮೆ, ತಲಾವಾರು ಉತ್ಪನ್ನ ಹೆಚ್ಚು.

ಆದರೆ ನೈರೋಬಿ ನಗರ ಪಕ್ಕದಲ್ಲೇ ಇತ್ತು. ಅಲ್ಲಿ ದುಡಿದ ಗಂಡಸರು ಕಳಿಸಿದ ಹಣ ಮಚಾಕೋಸಿನ ಹೊಲಗಳಿಗೆ ಬಂತು, ಹಣ್ಣು-ತರಕಾರಿ, ಕಾಫಿಗೆ ಮಾರುಕಟ್ಟೆ ಸಿಕ್ಕಿತು. ಮೆಟ್ಟಿಲು ಕಡಿಯುವ ಕೆಲಸದ ದೊಡ್ಡ ಪಾಲನ್ನು ಹೆಂಗಸರ ಗುಂಪುಗಳು ಮಾಡಿದವು. ನಗರ, ರಸ್ತೆ, ಭೂಮಿಯ ಮೇಲೆ ಭದ್ರ ಹಕ್ಕು ಇಲ್ಲದ ಇನ್ನೊಂದು ಜಿಲ್ಲೆಯಲ್ಲಿ ಇದೇ ಫಲಿತಾಂಶ ಬರುತ್ತದೆಂದು ಹೇಳಲಾಗದು.

ಜೂಲಿಯನ್ ಸೈಮನ್ ಹೇಳಿದ್ದೂ ಇದನ್ನೇ ಅಲ್ಲವೇ?

ಅಲ್ಲ. ಅಮೆರಿಕದ ಅರ್ಥಶಾಸ್ತ್ರಜ್ಞ ಸೈಮನ್ ಇವರಿಂದ ಪ್ರಭಾವಿತರಾಗಿದ್ದರು, ಆದರೆ ಬಹಳ ಮುಂದೆ ಹೋದರು. ಮನುಷ್ಯನ ಬುದ್ಧಿಯೇ ಎಲ್ಲಕ್ಕಿಂತ ದೊಡ್ಡ ಸಂಪನ್ಮೂಲ, ಜನ ಹೆಚ್ಚಿದಷ್ಟೂ ಕಾಲಾನಂತರದಲ್ಲಿ ಸಂಪನ್ಮೂಲ ಅಗ್ಗವಾಗುತ್ತದೆ ಎಂದರು. 1980ರಲ್ಲಿ ಜೀವಶಾಸ್ತ್ರಜ್ಞ ಪಾಲ್ ಎರ್ಲಿಚ್ ಜೊತೆ ಪಣ ಕಟ್ಟಿದರು: ತಾಮ್ರ, ಕ್ರೋಮಿಯಂ, ನಿಕ್ಕಲ್, ತವರ, ಟಂಗ್‌ಸ್ಟನ್ ಐದರ ಬೆಲೆ ಹತ್ತು ವರ್ಷದಲ್ಲಿ ಹಣದುಬ್ಬರ ಕಳೆದು ನೋಡಿದರೆ ಏರುತ್ತದೋ ಇಳಿಯುತ್ತದೋ ಎಂದು. 1990ರಲ್ಲಿ ಬೆಲೆಗಳು ಇಳಿದಿದ್ದವು, ಎರ್ಲಿಚ್ 576 ಡಾಲರ್ ಚೆಕ್ ಕಳಿಸಿದರು. ಬೇರೆ ಹತ್ತು ವರ್ಷಗಳನ್ನು ಆರಿಸಿಕೊಂಡಿದ್ದರೆ ಸೈಮನ್ ಸೋಲುವ ಸಾಧ್ಯತೆಯೂ ಇತ್ತು ಎಂದು ಆಮೇಲಿನ ಲೆಕ್ಕಗಳು ತೋರಿಸಿವೆ.

ಬೋಸೆರಪ್ ಇಂಥ ಪಣ ಕಟ್ಟುವವರಲ್ಲ. ಅವರು ಮಾರುಕಟ್ಟೆಯ ಬೆಲೆ ನೋಡಲಿಲ್ಲ, ಹೊಲದಲ್ಲಿ ಬಗ್ಗಿದವರ ಗಂಟೆಗಳನ್ನು ನೋಡಿದರು. ಬೆಲೆ ಇಳಿದು ಬೆನ್ನು ಮುರಿಯುವುದೂ ಸಾಧ್ಯವೆಂದು ಅವರಿಗೆ ಗೊತ್ತಿತ್ತು.

ಅವರ ಸಿದ್ಧಾಂತ ಎಲ್ಲಿ ಸೋಲುತ್ತದೆ?

ಮೂರು ಕಡೆ ಎಚ್ಚರ ಬೇಕು ಅನ್ನಿಸುತ್ತದೆ.

ಒಂದು, ವೇಗ. ನಿಧಾನವಾಗಿ ಹೆಚ್ಚುವ ಜನಸಂಖ್ಯೆಗೆ ಒಂದು ಸಮಾಜ ಹೊಂದಿಕೊಳ್ಳಬಹುದು. ಒಂದೇ ತಲೆಮಾರಿನಲ್ಲಿ ದುಪ್ಪಟ್ಟಾದರೆ ಕೆರೆ ಕಟ್ಟಲು, ಬದು ಹಾಕಲು ಬೇಕಾದ ಬಂಡವಾಳ ಕೂಡುವುದಿಲ್ಲ. ಈಗಾಗಲೇ ದಟ್ಟವಾಗಿರುವ, ಹೂಡಿಕೆಗೆ ಶಕ್ತಿಯಿಲ್ಲದ ಸಮಾಜಗಳಿಗೆ ತಮ್ಮ ಮಾತು ಅನ್ವಯಿಸಲಾರದು ಎಂದು ಬೋಸೆರಪ್ ತಮ್ಮ ಮೊದಲ ಪುಸ್ತಕದಲ್ಲೇ ಬರೆದಿದ್ದಾರೆ. ಅವರ ಅಭಿಮಾನಿಗಳು ಈ ಸಾಲನ್ನು ಹೆಚ್ಚಾಗಿ ಬಿಟ್ಟುಬಿಡುತ್ತಾರೆ.

ಎರಡು, ಭೂಮಿಯ ಒಡೆತನ. ಬದು ಹಾಕಿದರೆ ಫಲ ಬರುವುದು ಕೆಲವು ವರ್ಷದ ಮೇಲೆ. ಮುಂದಿನ ವರ್ಷ ಒಕ್ಕಲೆಬ್ಬಿಸುವ ಭಯವಿರುವ ಗೇಣಿದಾರ ಯಾಕೆ ಕಲ್ಲು ಹೊರಬೇಕು? ಇಲ್ಲಿ ಜನಸಂಖ್ಯೆಯ ಒತ್ತಡ ಎಷ್ಟೇ ಇದ್ದರೂ ನೆಲ ಸುಧಾರಿಸುವುದಿಲ್ಲ, ಗೇಣಿಯ ದರ ಏರುತ್ತದೆ.

ಮೂರನೆಯದೇ ಎಲ್ಲಕ್ಕಿಂತ ಗಂಭೀರ: ದುಡಿಮೆಯಿಂದ ಮರಳಿ ಬಾರದ ಸಂಪನ್ಮೂಲಗಳು. ಮಣ್ಣಿನ ಸಾರವನ್ನು ಗೊಬ್ಬರ ಹೊತ್ತು ಮರಳಿಸಬಹುದು. ಸಾವಿರ ಅಡಿ ಆಳದ ಕಲ್ಲಿನ ಸೀಳಿನಲ್ಲಿ ನಿಂತಿದ್ದ ನೀರನ್ನು ಮೇಲೆತ್ತಿ ಮುಗಿಸಿದ ಮೇಲೆ ಎಷ್ಟು ಬೆವರು ಸುರಿಸಿದರೂ ಅದು ನಮ್ಮ ಜೀವಮಾನದಲ್ಲಿ ತುಂಬುವುದಿಲ್ಲ. ಜಗತ್ತಿನಲ್ಲೇ ಅತಿ ಹೆಚ್ಚು ಅಂತರ್ಜಲ ಎತ್ತುವ ದೇಶ ಭಾರತ. ನಾವು ಎತ್ತುವುದು ಜಗತ್ತಿನ ಒಟ್ಟು ಬಳಕೆಯ ಸುಮಾರು ಕಾಲು ಭಾಗ.

ಕೋಲಾರವನ್ನು ನೋಡಿ. ವರ್ಷಪೂರ್ತಿ ಹರಿಯುವ ನದಿ ಇಲ್ಲದ ಆ ಸೀಮೆಯಲ್ಲಿ ಹಿಂದಿನವರು ಸಾವಿರಾರು ಕೆರೆ ಕಟ್ಟಿದರು. ಮಳೆ ನೀರು ಹಿಡಿದರು, ಬೇಸಿಗೆಯಲ್ಲಿ ಹೂಳೆತ್ತಿ ಹೊಲಕ್ಕೆ ಹೊಡೆದರು, ತೂಬಿನಿಂದ ನೀರು ಬಿಡಲು ನೀರುಗಂಟಿಯನ್ನು ಇಟ್ಟರು. ಇದು ಬೋಸೆರಪ್ ಹೇಳಿದ ದಾರಿ, ದುಡಿಮೆಯನ್ನು ನೆಲದಲ್ಲಿ ಹೂಡುವ ದಾರಿ. ಕೊಳವೆಬಾವಿ ಬಂದ ಮೇಲೆ ಕೆರೆಯ ಕೆಲಸ ನಿಂತಿತು, ಬಾವಿಯ ಆಳ ನೂರು ಅಡಿಗಳಿಂದ ಸಾವಿರದಾಚೆಗೆ ಹೋಯಿತು. ತರಕಾರಿ, ಹಾಲು, ರೇಷ್ಮೆ ಹೆಚ್ಚಿದವು. ಅಂಕಿಗಳಲ್ಲಿ ಅದು ಬೇಸಾಯದ ತೀವ್ರತೆಯೇ. ಆದರೆ ಎರಡಕ್ಕೂ ಒಂದೇ ಹೆಸರು ಕೊಡಬಾರದು. ಮೊದಲನೆಯದು ನೆಲಕ್ಕೆ ಸೇರಿಸಿತು, ಎರಡನೆಯದು ನೆಲದಿಂದ ತೆಗೆಯಿತು. ಈಗ ಬೆಂಗಳೂರಿನ ಸಂಸ್ಕರಿಸಿದ ಕೊಳಚೆ ನೀರನ್ನು ಕೊಳವೆಗಳಲ್ಲಿ ತಂದು ಅಲ್ಲಿನ ಕೆರೆಗಳನ್ನು ತುಂಬಿಸಲಾಗುತ್ತಿದೆ. 2018ರಲ್ಲಿ ಶುರುವಾದ ಈ ಯೋಜನೆಯ ನೀರಿನ ಗುಣಮಟ್ಟದ ಬಗ್ಗೆ ಜಿಲ್ಲೆಯ ಜನ ಎತ್ತಿದ ಆತಂಕಗಳು ನ್ಯಾಯಾಲಯದವರೆಗೂ ಹೋದವು.

ಹೆಂಗಸರ ದುಡಿಮೆಯ ಬಗ್ಗೆ ಅವರು ಏನು ಬರೆದರು?

1970ರ ಪುಸ್ತಕ ಪೂರ್ತಿ ಅದರ ಬಗ್ಗೆಯೇ. ಕಾಡು ಸುಟ್ಟು ಗುದ್ದಲಿಯಲ್ಲಿ ಬೇಸಾಯ ಮಾಡುವ ಆಫ್ರಿಕಾದ ಪ್ರದೇಶಗಳಲ್ಲಿ ಗಂಡಸರು ಮರ ಕಡಿದುಕೊಟ್ಟ ಮೇಲೆ ಉಳಿದ ಬೇಸಾಯವೆಲ್ಲ ಹೆಂಗಸರದ್ದು. ನೇಗಿಲು ಬಂದಲ್ಲಿ ಹೊಲ ಗಂಡಸಿನ ಕೈಗೆ ಹೋಯಿತು. ನೀರಾವರಿ ಭತ್ತ ಬಂದಲ್ಲಿ ನಾಟಿ, ಕಳೆ, ಕಟಾವು ಮತ್ತೆ ಹೆಂಗಸರ ಬೆನ್ನಿಗೆ ಬಂದವು. ಭಾರತದ ಬಗ್ಗೆ ಬರೆಯುವಾಗ ಉತ್ತರದ ಗೋಧಿ ಸೀಮೆಗೂ ದಕ್ಷಿಣದ ಭತ್ತದ ಸೀಮೆಗೂ ಈ ವಿಷಯದಲ್ಲಿ ಇರುವ ಅಂತರವನ್ನು ಅವರು ಗುರುತಿಸಿದರು. ಹೆಣ್ಣಿನ ದುಡಿಮೆಗೆ ಬೆಲೆ ಇರುವ ಕಡೆ ವಧುದಕ್ಷಿಣೆ, ಇಲ್ಲದ ಕಡೆ ವರದಕ್ಷಿಣೆ ಎಂಬ ಸಂಬಂಧವನ್ನೂ ಮುಂದಿಟ್ಟರು.

ಅಭಿವೃದ್ಧಿ ಯೋಜನೆಗಳು ಹೊಸ ತಳಿ, ಸಾಲ, ತರಬೇತಿ ಎಲ್ಲವನ್ನೂ ಗಂಡಸಿನ ಕೈಗೇ ಕೊಟ್ಟು ಹೆಂಗಸರನ್ನು ಹಿಂದೆ ತಳ್ಳಿದವು ಎಂಬುದು ಅವರ ಖಡಾಖಂಡಿತ ಆರೋಪ. ನೇಗಿಲಿಗೂ ಹೆಣ್ಣಿನ ಸ್ಥಾನಮಾನಕ್ಕೂ ಇರುವ ಸಂಬಂಧವನ್ನು ಅಲ್ಬರ್ಟೊ ಅಲೆಸಿನಾ, ಪಾವೊಲಾ ಜೂಲಿಯಾನೊ ಮತ್ತು ನೇಥನ್ ನನ್ 2013ರಲ್ಲಿ ಅಂಕಿಅಂಶಗಳಿಂದ ಪರೀಕ್ಷಿಸಿದರು. ಪೂರ್ವಜರು ನೇಗಿಲು ಹಿಡಿದ ಸಮಾಜಗಳಲ್ಲಿ ಇವತ್ತಿಗೂ ಹೊರಗೆ ದುಡಿಯುವ ಹೆಂಗಸರ ಪ್ರಮಾಣ ಕಡಿಮೆ ಎಂಬುದು ಅವರಿಗೆ ಕಂಡ ಫಲಿತಾಂಶ.

ಭತ್ತದ ನಾಟಿಯನ್ನು ಹತ್ತಿರದಿಂದ ನೋಡಿದವರಿಗೆ ಈ ಅಧ್ಯಾಯಗಳು ಬೇಗ ಅರ್ಥವಾಗುತ್ತವೆ. ಬೆಳಗ್ಗೆ ಮನೆಗೆಲಸ ಮುಗಿಸಿ ಗದ್ದೆಗಿಳಿದು, ಕೆಸರಿನಲ್ಲಿ ಹಿಂದೆ ಹಿಂದೆ ಹೆಜ್ಜೆ ಇಡುತ್ತಾ ಸಂಜೆಯವರೆಗೆ ಬಾಗಿಯೇ ಇದ್ದು, ಮತ್ತೆ ಒಲೆ ಹಚ್ಚುವವರು ಅವರು. 'ಭೂಮಿಯ ಉತ್ಪಾದಕತೆ ಹೆಚ್ಚಿತು' ಎಂಬ ವಾಕ್ಯವನ್ನು ಇದನ್ನು ಮನಸ್ಸಿನಲ್ಲಿಟ್ಟುಕೊಂಡು ಓದಬೇಕು.

ಬೋಸೆರಪ್ ಕುಟುಂಬ ಯೋಜನೆಯನ್ನು ವಿರೋಧಿಸಿದರೇ?

ಇಲ್ಲ. ಜನ ಹೆಚ್ಚಲಿ ಎಂದು ಅವರು ಎಲ್ಲಿಯೂ ಕರೆ ಕೊಟ್ಟಿಲ್ಲ. ಮಕ್ಕಳ ಸಂಖ್ಯೆಯನ್ನು ಹೆಣ್ಣಿನ ದುಡಿಮೆ, ಆಸ್ತಿ, ಗಂಡನ ಮೇಲಿನ ಅವಲಂಬನೆ ಇವುಗಳ ಜೊತೆಗಿಟ್ಟು ನೋಡಿದರು. ವೃದ್ಧಾಪ್ಯದಲ್ಲಿ ಗಂಡುಮಗನನ್ನು ಬಿಟ್ಟರೆ ಬೇರೆ ಆಸರೆ ಇಲ್ಲದ ಹೆಣ್ಣು ಹೆಚ್ಚು ಮಕ್ಕಳನ್ನು ಬಯಸುವುದರಲ್ಲಿ ಅವಿವೇಕ ಏನೂ ಇಲ್ಲ.

ಕರ್ನಾಟಕದ ಅನುಭವ ಇದಕ್ಕೆ ಹತ್ತಿರದ್ದು. ಮೈಸೂರು ಸಂಸ್ಥಾನ 1930ರಲ್ಲೇ ಸರ್ಕಾರಿ ಆಸ್ಪತ್ರೆಗಳಲ್ಲಿ ಸಂತಾನ ನಿಯಂತ್ರಣ ಚಿಕಿತ್ಸಾಲಯಗಳಿಗೆ ಅನುಮತಿ ಕೊಟ್ಟಿತು. ಜಗತ್ತಿನಲ್ಲೇ ಸರ್ಕಾರವೊಂದು ಹಾಗೆ ಮಾಡಿದ ಮೊದಲ ಉದಾಹರಣೆಗಳಲ್ಲಿ ಅದೂ ಒಂದು. 1950ರ ದಶಕದ ಆರಂಭದಲ್ಲಿ ವಿಶ್ವಸಂಸ್ಥೆ ಮತ್ತು ಭಾರತ ಸರ್ಕಾರ ಕೂಡಿ ಮೈಸೂರು ರಾಜ್ಯದಲ್ಲೇ ದೊಡ್ಡ ಜನಸಂಖ್ಯಾ ಅಧ್ಯಯನ ನಡೆಸಿದವು. ಆದರೆ ಜನನ ಪ್ರಮಾಣ ನಿಜವಾಗಿ ಇಳಿದದ್ದು ಹೆಣ್ಣುಮಕ್ಕಳು ಶಾಲೆಗೆ ಹೋಗಲು ಶುರುವಾದ, ಶಿಶುಮರಣ ಕಡಿಮೆಯಾದ ಮೇಲೆ. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ ಒಬ್ಬ ಮಹಿಳೆಗೆ ಸರಾಸರಿ 1.7 ಮಕ್ಕಳು, ದೇಶದಲ್ಲಿ 2.0.

ಜನಸಂಖ್ಯೆ ಕುಗ್ಗಿದರೆ ಬೇಸಾಯಕ್ಕೆ ಏನಾಗುತ್ತದೆ? ಅವರು ಇದರ ಬಗ್ಗೆ ಹೇಳಿದ್ದಾರೆಯೇ?

ಹೇಳಿದ್ದಾರೆ. ಅವರ ವಾದದಲ್ಲಿ ಇದು ಹಿಂದಕ್ಕೂ ತಿರುಗುವ ಚಕ್ರ. ಜನ ಕಡಿಮೆಯಾದರೆ, ಅಥವಾ ದಟ್ಟ ಸೀಮೆಯ ರೈತರು ಖಾಲಿ ಸೀಮೆಗೆ ವಲಸೆ ಹೋದರೆ, ಗೊತ್ತಿದ್ದ ತೀವ್ರ ಬೇಸಾಯವನ್ನೂ ಕೈಬಿಟ್ಟು ಕಡಿಮೆ ದುಡಿಮೆಯ ಕ್ರಮಕ್ಕೆ ಮರಳುತ್ತಾರೆ. ಹೊಸ ತಂತ್ರ ಕಲಿಸಿದರೆ ರೈತ ಬಳಸಿಯೇ ಬಳಸುತ್ತಾನೆ ಎಂಬ ನಂಬಿಕೆಗೆ ಇದು ಬಲವಾದ ಉತ್ತರ.

ಮಲೆನಾಡಿನಲ್ಲಿ ಇದು ಈಗ ಕಣ್ಣೆದುರೇ ನಡೆಯುತ್ತಿದೆ. ಓದಿದ ಮಕ್ಕಳು ಬೆಂಗಳೂರಿಗೆ ಹೋದರು, ನಾಟಿಗೆ ಆಳು ಸಿಗುವುದಿಲ್ಲ. ಕಣಿವೆಯ ಮೆಟ್ಟಿಲು ಗದ್ದೆಗಳು ಬೀಳು ಬಿದ್ದಿವೆ ಅಥವಾ ಅಡಿಕೆ ತೋಟವಾಗಿವೆ. ಕೊಟ್ಟಿಗೆಯಲ್ಲಿ ದನವಿಲ್ಲ, ಆದ್ದರಿಂದ ಸೊಪ್ಪು ಹೊರುವವರೂ ಇಲ್ಲ. ಗೊಬ್ಬರ ಚೀಲದಲ್ಲಿ ಬರುತ್ತದೆ. ಹೊರೆ ಇಳಿದದ್ದಕ್ಕೆ ನನಗೆ ಸಂತೋಷವಿದೆ, ಆ ಹೊರೆ ಹೊತ್ತವರನ್ನು ಕಂಡವರಾರೂ ಅದು ಮರಳಲಿ ಎನ್ನಲಾರರು. ಆದರೆ ಬದು, ಕಾಲುವೆ, ಕೆರೆಯ ಏರಿಗಳಿಗೆ ಪ್ರತಿವರ್ಷ ಕೈ ಬೇಕು. ಕೆಲವು ಮಳೆಗಾಲ ಯಾರೂ ನೋಡದಿದ್ದರೆ ತಲೆಮಾರುಗಳ ದುಡಿಮೆ ಹಳ್ಳದ ಪಾಲಾಗುತ್ತದೆ. ಆ ಕೆಲಸಕ್ಕೆ ಯಾರು, ಯಾವ ಕೂಲಿಗೆ ಬರುತ್ತಾರೆ ಎಂಬುದನ್ನು ಗ್ರಾಮ ಪಂಚಾಯಿತಿಗಳು ಉದ್ಯೋಗ ಖಾತರಿಯಂಥ ಯೋಜನೆಗಳ ಮೂಲಕ ಈಗಲೇ ಗಂಭೀರವಾಗಿ ತೆಗೆದುಕೊಳ್ಳಬೇಕು.

ಅವರನ್ನು ಓದಲು ಎಲ್ಲಿಂದ ಶುರು ಮಾಡಬೇಕು?

1965ರ 'ದಿ ಕಂಡಿಷನ್ಸ್ ಆಫ್ ಅಗ್ರಿಕಲ್ಚರಲ್ ಗ್ರೋತ್'. ನೂರಿಪ್ಪತ್ತು ಪುಟದ ಆಸುಪಾಸಿನ ಪುಸ್ತಕ, ಗಣಿತ ಇಲ್ಲವೆಂದೇ ಹೇಳಬಹುದು. ಬೀಳಿನ ಹಂತಗಳ ಅಧ್ಯಾಯಗಳನ್ನು ಮೊದಲು ಓದಿ, ಹಾಗೆಯೇ ನಿಮ್ಮ ಊರಿನ ಹಿರಿಯ ರೈತರೊಬ್ಬರನ್ನು, ಸಾಧ್ಯವಾದರೆ ನಾಟಿ ಮಾಡಿದ ಅಜ್ಜಿಯೊಬ್ಬರನ್ನು, ಒಂದು ಎಕರೆಗೆ ಮೊದಲು ಎಷ್ಟು ಆಳು ಬೇಕಾಗುತ್ತಿತ್ತು, ಈಗ ಎಷ್ಟು ಎಂದು ಕೇಳಿ. ನಂತರ 1970ರ ಪುಸ್ತಕಕ್ಕೆ ಹೋಗಿ. 1981ರದ್ದು ಜನಸಂಖ್ಯೆ ಮತ್ತು ತಂತ್ರಜ್ಞಾನದ ದೀರ್ಘ ಚರಿತ್ರೆ. ಜನ ವಿರಳವಾಗಿರುವ ಕಡೆ ರಸ್ತೆ, ನಗರ ಕಟ್ಟುವುದು ಯಾಕೆ ಕಷ್ಟ ಎಂಬ ಅದರ ಭಾಗ ಚೆನ್ನಾಗಿದೆ, ಉಳಿದದ್ದು ನಿಧಾನಕ್ಕೆ ಓದಬಹುದು.